ರಿಫಂಡ್ ಬಂದಿಲ್ಲ, ಚಾಟ್‌ನಲ್ಲಿ ಬಾಟ್ ಬಿಟ್ಟರೆ ಯಾರೂ ಇಲ್ಲ: ದೂರು ಎಲ್ಲಿ ಕೊಡಬೇಕು?

"1915ರ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಲಾ, ಕನ್ಸ್ಯೂಮರ್ ಕೋರ್ಟ್‌ಗೆ ಹೋಗಲಾ, ಬ್ಯಾಂಕ್‌ಗೆ ಹೇಳಲಾ, ಇಲ್ಲಾ ಎಕ್ಸ್‌ನಲ್ಲಿ ಬರೆದು ಕಂಪನಿಯ ಮಾನ ಹರಾಜು ಹಾಕಲಾ?" ಆನ್‌ಲೈನ್ ಕಂಪನಿಗಳ ಜೊತೆ ಒದ್ದಾಡಿ ಸುಸ್ತಾದವರು ಕೇಳುವುದು ಹೆಚ್ಚುಕಮ್ಮಿ ಇದನ್ನೇ. ಕೆಟ್ಟ ಮಿಕ್ಸಿ ವಾಪಸ್ ಹೋಯಿತು, ದುಡ್ಡು ಬಂದಿಲ್ಲ. ಒಟಿಟಿ ಚಂದಾ ನಿಲ್ಲಿಸಿದರೂ ಕಾರ್ಡ್‌ನಿಂದ ಹಣ ಕಟ್ ಆಗುತ್ತಲೇ ಇದೆ. ಊಟ ಬರಲೇ ಇಲ್ಲ, ಆಪ್ ಮಾತ್ರ ಡೆಲಿವರಿ ಆಗಿದೆ ಅನ್ನುತ್ತಿದೆ. ಚಾಟ್ ತೆರೆದರೆ ಬಾಟ್. ಬಾಟ್ ದಾಟಿ ಮನುಷ್ಯರ ಹತ್ತಿರ ಹೋದರೆ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, 48 ಗಂಟೆ ಕಾಯಿರಿ". ಆ 48 ಗಂಟೆ ಮುಗಿಯುವಷ್ಟರಲ್ಲಿ ಟಿಕೆಟ್ ತಾನೇ ಕ್ಲೋಸ್ ಆಗಿರುತ್ತದೆ.

ನಮ್ಮಲ್ಲಿ ದೂರು ಕೊಡುವ ಜಾಗಗಳಿಗೆ ಬರವಿಲ್ಲ. ಜಾಸ್ತಿ ಇರುವುದೇ ತೊಂದರೆ. ಒಂದೊಂದಕ್ಕೆ ಒಂದೊಂದು ವ್ಯಾಪ್ತಿ, ಒಂದೊಂದು ಗಡುವು. ತಪ್ಪು ಜಾಗಕ್ಕೆ ಹೋದರೆ "ಇದು ನಮಗೆ ಬರುವುದಿಲ್ಲ" ಅನ್ನುವ ಉತ್ತರ ಸಿಗುವ ಹೊತ್ತಿಗೆ ತಿಂಗಳು ಕಳೆದಿರುತ್ತದೆ.

ಮೊದಲು ಒಂದು ಮಾತು. ನಿಮ್ಮದು ಕಂಪನಿಯ ಜೊತೆಗಿನ ಜಗಳ ಅಲ್ಲ, ಯಾರೋ ಮೋಸ ಮಾಡಿ ಖಾತೆಯಿಂದ ದುಡ್ಡು ಎತ್ತಿದ್ದಾರೆ ಅಂತಾದರೆ, ಈ ಬರಹ ಆಮೇಲೆ ಓದಿ. ಈಗಲೇ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಡೆಹಿಡಿಯುವುದಷ್ಟೇ ಅಲ್ಲಿ ಮುಖ್ಯ. ನಾಳೆ ಮಾಡಿದರೆ ಅರ್ಧ ಉಪಯೋಗವೂ ಇಲ್ಲ. ಜೊತೆಗೇ ಬ್ಯಾಂಕ್‌ಗೂ ತಿಳಿಸಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅನ್ನುವಂಥ ವಂಚನೆಯಲ್ಲಿ, ಗೊತ್ತಾದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟ ಹಾಕಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಒಟಿಪಿಯನ್ನು ನೀವೇ ಹೇಳಿದ್ದರೆ ಮಾತ್ರ ಲೆಕ್ಕ ಬೇರೆ.

ಇನ್ನು ಉಳಿದವರಿಗೆ.

ಯಾವುದರ ಮೇಲೆ ಅಳೆಯುವುದು

ಐದು ವಿಷಯ ನೋಡಿಕೊಳ್ಳಿ. ನಿಮಗೆ ಬೇಕಾದ್ದು ಏನು: ಹೋದ ದುಡ್ಡು ಮಾತ್ರವೇ, ಅದರ ಮೇಲೆ ಪರಿಹಾರವೂ ಬೇಕೇ, ಅಥವಾ ದುಡ್ಡಿನ ಮಾತೇ ಇಲ್ಲ, ಬ್ಲಾಕ್ ಆದ ಖಾತೆ ವಾಪಸ್ ಬಂದರೆ ಸಾಕೇ? ದುಡ್ಡು ಹೋದದ್ದು ಹೇಗೆ: ಯುಪಿಐ, ಕಾರ್ಡ್, ವಾಲೆಟ್, ಇಎಂಐ, ಇಲ್ಲಾ ಮನೆ ಬಾಗಿಲಲ್ಲಿ ಕೊಟ್ಟ ನಗದು? ಎಷ್ಟು ದಿನ ಆಗಿದೆ? ನಿಮ್ಮ ಹತ್ತಿರ ತಾಳ್ಮೆ ಎಷ್ಟಿದೆ?

ಐದನೆಯದನ್ನು ಜನ ಮರೆಯುತ್ತಾರೆ. ನೀವು ಹೋಗುವ ಜಾಗಕ್ಕೆ ಕಂಪನಿಗೆ ಆದೇಶ ಕೊಡುವ ಅಧಿಕಾರ ಇದೆಯಾ, ಇಲ್ಲಾ ಬರೀ ಒತ್ತಾಯ ಮಾಡಬಲ್ಲದಾ? ಇದು ಗೊತ್ತಿಲ್ಲದೆ ಹೋದವರೇ ಆಮೇಲೆ "ಸರ್ಕಾರದ ಸಹಾಯವಾಣಿಯೂ ದಂಡ" ಅಂತ ಬೈಯುವುದು.

ಕಂಪನಿಯ ಕುಂದುಕೊರತೆ ಅಧಿಕಾರಿ

ಇದು ಆಯ್ಕೆಯಲ್ಲ, ಎಲ್ಲರೂ ಹಾಯಲೇಬೇಕಾದ ಹಂತ. ಕಸ್ಟಮರ್ ಕೇರ್ ಬೇರೆ, ಗ್ರೀವೆನ್ಸ್ ಆಫೀಸರ್ ಬೇರೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಶಾಪಿಂಗ್ ತಾಣವೂ ಇಂಥ ಅಧಿಕಾರಿಯ ಹೆಸರು, ಹುದ್ದೆ, ಸಂಪರ್ಕ ವಿವರ ತೋರಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, 1 ತಿಂಗಳಲ್ಲಿ ಬಗೆಹರಿಸಬೇಕು. ವಿವರ ಸಾಮಾನ್ಯವಾಗಿ ಪುಟದ ಅಡಿಯಲ್ಲಿ, ಷರತ್ತುಗಳ ಮಧ್ಯೆ ಇರುವೆ ಗಾತ್ರದ ಅಕ್ಷರದಲ್ಲಿ ಅಡಗಿರುತ್ತದೆ. ಹುಡುಕಿ. ಗೂಗಲ್‌ನಲ್ಲಿ ಮಾತ್ರ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಮೇಲೆ ಕಾಣುವ ನಂಬರ್ ವಂಚಕರದ್ದೇ ಆಗಿರಬಹುದು. ರಿಫಂಡ್ ಕೊಡ್ತೀವಿ, ಸ್ಕ್ರೀನ್ ಶೇರ್ ಮಾಡುವ ಆಪ್ ಹಾಕಿಕೊಳ್ಳಿ ಅಂದರೆ ಫೋನ್ ಇಟ್ಟುಬಿಡಿ.

ಇಮೇಲ್‌ನಲ್ಲಿ ಕಥೆ ಬೇಡ. ಆರ್ಡರ್ ನಂಬರ್, ತಾರೀಖು, ಮೊತ್ತ, ಏನು ತಪ್ಪಾಗಿದೆ, ಏನು ಬೇಕು, ಎಷ್ಟು ದಿನದೊಳಗೆ ಬೇಕು. ಅಷ್ಟೇ. ಈ ಇಮೇಲ್‌ನಿಂದ ದುಡ್ಡು ಬರುತ್ತದೆ ಅಂತಲ್ಲ. ಮುಂದಿನ ಎಲ್ಲ ಕಡೆ ಮೊದಲು ಕೇಳುವುದು ಇದನ್ನೇ. ಕೆಲವು ಕಡೆ ಇದರ ತಾರೀಖಿನಿಂದಲೇ ದಿನ ಎಣಿಸುತ್ತಾರೆ. ಹಾಗಾಗಿ ಯಾವ ದಾರಿ ಅಂತ ತೀರ್ಮಾನ ಆಗದಿದ್ದರೂ ಈ ಇಮೇಲ್ ಇವತ್ತೇ ಹೋಗಲಿ.

ಹಾಗೇ ಆರ್ಡರ್ ಪುಟ, ಜಾಹೀರಾತಿನಲ್ಲಿ ಹೇಳಿದ ಗುಣ, ಚಾಟ್, ಎಲ್ಲದರ ಸ್ಕ್ರೀನ್‌ಶಾಟ್ ತಾರೀಖು ಕಾಣುವಂತೆ ತೆಗೆದಿಡಿ. ಮಾರಾಟಗಾರ ಆ ಪುಟವನ್ನೇ ತೆಗೆದುಹಾಕಿದರೆ ಆಮೇಲೆ ಏನೂ ಸಿಗುವುದಿಲ್ಲ.

1915: ಬೇಗ, ಬಿಟ್ಟಿ, ಆದರೆ ಹಲ್ಲಿಲ್ಲ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯದು. ಫೋನ್ ಮಾಡಬಹುದು, ವಾಟ್ಸಾಪ್ ಮಾಡಬಹುದು, ಜಾಲತಾಣದಲ್ಲೂ ಬರೆಯಬಹುದು. ಕನ್ನಡದಲ್ಲೇ ಮಾತಾಡಬಹುದು. ಖರ್ಚಿಲ್ಲ, ವಕೀಲರು ಬೇಡ.

ಇಲ್ಲಿ ಆಗುವುದು ಏನೆಂದರೆ, ನಿಮ್ಮ ದೂರನ್ನು ಕಂಪನಿಯ ಮೇಲಿನ ಹಂತಕ್ಕೆ ದಾಟಿಸಿ, ಉತ್ತರ ಕೊಡಿ ಅಂತ ಕೇಳುತ್ತಾರೆ. ದೊಡ್ಡ ಇ-ಕಾಮರ್ಸ್, ಊಟದ ಆಪ್, ಪ್ರಯಾಣ ತಾಣಗಳಲ್ಲಿ ಬಹಳಷ್ಟು ಈ ವ್ಯವಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡ ಪಾಲುದಾರರು. ಅವರಿಗೆ ದೂರು ನೇರ ಹೋಗುತ್ತದೆ. ಬಾಟ್ ಜೊತೆ ವಾರಗಟ್ಟಲೆ ಗುದ್ದಾಡಿದ ರಿಫಂಡ್ ಇಲ್ಲಿಂದ ಸಲೀಸಾಗಿ ಬರುವುದುಂಟು. ಕಂಪನಿಗೆ ಕೊಡಬೇಕು ಅಂತ ಗೊತ್ತಿದೆ, ಯಾರೂ ಕಡತ ತೆರೆದಿಲ್ಲ, ಅಷ್ಟೇ ಅನ್ನುವ ಪ್ರಕರಣಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದರೆ ಕಂಪನಿ "ನಮ್ಮ ಪಾಲಿಸಿ ಪ್ರಕಾರ ಕೊಡಲಾಗುವುದಿಲ್ಲ" ಅಂತ ಉತ್ತರ ಬರೆದರೆ ಸಹಾಯವಾಣಿಯ ಕೆಲಸ ಅಲ್ಲಿಗೆ ಮುಗಿಯಿತು. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಸೀರೆ ಮಾರುವ, ವಿಳಾಸವೇ ಇಲ್ಲದ ಪುಟದ ಮೇಲೆ ದೂರು ಕೊಟ್ಟರೆ ಉತ್ತರ ಬರುವುದೂ ಅನುಮಾನ. ಕೋರ್ಟಿಗೆ ಮುಂಚಿನ ಹಂತ ಇದು. ಗ್ರಾಹಕರ ಆಯೋಗದಲ್ಲಿ, ಅಂದರೆ ಕನ್ಸ್ಯೂಮರ್ ಕೋರ್ಟ್‌ನಲ್ಲಿ, ಕೇಸ್ ಹಾಕಿದ ಮೇಲೆ ಇಲ್ಲಿಗೆ ಬರಬೇಡಿ, ಇದನ್ನು ಮುಗಿಸಿಕೊಂಡೇ ಅಲ್ಲಿಗೆ ಹೋಗಿ.

ಇಲ್ಲಿಗೆ ಬಂದ ದೂರು ನಿಮ್ಮೊಬ್ಬರ ಲೆಕ್ಕಕ್ಕೆ ಮುಗಿಯುವುದಿಲ್ಲ ಅನ್ನುವುದೂ ಒಂದು ಸಮಾಧಾನ. ಓಲಾ ಕ್ಯಾಬ್ ರಿಫಂಡ್ ಅಂದರೆ ಮುಂದಿನ ಸವಾರಿಗೆ ಕೂಪನ್ ಮಾತ್ರ ಕೊಡುತ್ತಿತ್ತು. ಸಹಾಯವಾಣಿಗೆ ದೂರುಗಳು ಬಂದ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ, ದುಡ್ಡು ಬ್ಯಾಂಕ್ ಖಾತೆಗೆ ಬೇಕೋ ಕೂಪನ್ ಬೇಕೋ ಅಂತ ಗ್ರಾಹಕರೇ ಆರಿಸುವಂತೆ ಮಾಡಿ ಅಂತ ಕಂಪನಿಗೆ ಹೇಳಿತು.

ಬ್ಯಾಂಕ್ ಮತ್ತು ಆರ್‌ಬಿಐ ಓಂಬುಡ್ಸ್‌ಮನ್

ದುಡ್ಡು ಸಿಕ್ಕಿಬಿದ್ದಿರುವುದು ಬ್ಯಾಂಕ್, ಯುಪಿಐ, ವಾಲೆಟ್ ಅಥವಾ ಸಾಲ ಕೊಟ್ಟ ಕಂಪನಿಯ ಹತ್ತಿರವಾದರೆ ಈ ದಾರಿ. ಶಾಪಿಂಗ್ ತಾಣ ಕಳಪೆ ಮಾಲು ಕಳಿಸಿದ್ದಕ್ಕೆ ಅಲ್ಲ. ಈ ಗೆರೆ ದಾಟಿ ದೂರು ಕೊಟ್ಟರೆ ವಾಪಸ್ ಬರುತ್ತದೆ.

ದುಡ್ಡು ಕಟ್ ಆಗಿ ಆಚೆಯವರಿಗೆ ತಲುಪದಿದ್ದರೆ, 2019ರ ಆರ್‌ಬಿಐ ಸುತ್ತೋಲೆ ನಿಮ್ಮ ಕೈಗೆ ಒಳ್ಳೆಯ ಅಸ್ತ್ರ ಕೊಟ್ಟಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ಮಾರನೇ ದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಮಾಡಿದ ಯುಪಿಐ ಪಾವತಿಗೆ, ಹಾಗೇ ಎಟಿಎಂನಲ್ಲಿ ಬರದ ನೋಟಿಗೆ 5 ದಿನ. ಅದರ ಮೇಲೆ ತಡವಾದರೆ ದಿನಕ್ಕೆ 100 ರೂಪಾಯಿ ಕೊಡಬೇಕು. ನೀವು ಕೇಳದಿದ್ದರೂ ಕೊಡಬೇಕು. ಪ್ರಾಯೋಗಿಕವಾಗಿ ಹೇಳುವುದಾದರೆ, ಕೇಳಿ. ಮೊದಲು ಯುಪಿಐ ಆಪ್‌ನಲ್ಲೇ ಆ ವ್ಯವಹಾರದ ಮೇಲೆ ದೂರು ಹಾಕಿ, ಆಮೇಲೆ ಬ್ಯಾಂಕ್‌ಗೆ ಬರೆಯಿರಿ.

ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಓಂಬುಡ್ಸ್‌ಮನ್‌ಗೆ, ಅಂದರೆ ಇಂಥ ದೂರು ಕೇಳಲು ರಿಸರ್ವ್ ಬ್ಯಾಂಕ್ ನೇಮಿಸಿದ ಅಧಿಕಾರಿಗೆ, ಹೋಗಬಹುದು. ಆರ್‌ಬಿಐನ ಸಿಎಂಎಸ್ ಜಾಲತಾಣದಲ್ಲಿ ದೂರು ಹಾಕುವುದು, ಫೀಸಿಲ್ಲ. 14448 ಮಾಹಿತಿಯ ನಂಬರ್. 1915ಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅಂದರೆ ಇಲ್ಲಿ ಹಲ್ಲಿದೆ. ಬ್ಯಾಂಕ್‌ಗೆ ಆದೇಶ ಹೋಗುತ್ತದೆ. ಬ್ಯಾಂಕ್‌ಗೆ ಬರೆಯದೆ ನೇರ ಇಲ್ಲಿಗೆ ಬಂದರೆ ಮಾತ್ರ ದೂರು ತೆಗೆದುಕೊಳ್ಳುವುದಿಲ್ಲ.

ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟವರಿಗೆ ಇನ್ನೊಂದು ಅನುಕೂಲ ಇದೆ, ಚಾರ್ಜ್‌ಬ್ಯಾಕ್. ವಸ್ತು ಬರಲಿಲ್ಲ, ಇಲ್ಲಾ ಹೇಳಿದ್ದೊಂದು ಬಂದದ್ದೊಂದು ಅಂತ ಕಾರ್ಡ್ ಕೊಟ್ಟ ಬ್ಯಾಂಕ್‌ಗೆ ತಕರಾರು ಅರ್ಜಿ ಹಾಕಿದರೆ, ಅದು ಮಾರಿದವರ ಬ್ಯಾಂಕ್‌ನಿಂದ ವಿವರಣೆ ಕೇಳುತ್ತದೆ. ಸಾಕ್ಷಿ ಸರಿಯಾಗಿದ್ದರೆ ದುಡ್ಡು ವಾಪಸ್. ವಿದೇಶಿ ತಾಣದಿಂದ ಕೊಂಡವರಿಗೆ ನನ್ನ ಮೊದಲ ಸಲಹೆ ಇದೇ, ಯಾಕೆಂದರೆ ಆ ಕಂಪನಿಯ ಮೇಲೆ ಇಲ್ಲಿ ಆದೇಶ ತಂದರೂ ಜಾರಿ ಮಾಡಿಸುವುದು ಕಷ್ಟ. ಗಡುವು ಇದೆ, ಸ್ಟೇಟ್‌ಮೆಂಟ್ ಬಂದ ಕೂಡಲೇ ಅರ್ಜಿ ಹಾಕಿ. ಯುಪಿಐನಲ್ಲಿ ನೀವೇ ಪಿನ್ ಹಾಕಿ ಕಳಿಸಿದ ದುಡ್ಡಿಗೆ ಇಷ್ಟು ಸುಲಭದ ರಕ್ಷಣೆ ಇಲ್ಲ. ಗೊತ್ತಿಲ್ಲದ ತಾಣದಲ್ಲಿ ಕ್ರೆಡಿಟ್ ಕಾರ್ಡ್ ಬಳಸಿ ಅಂತ ನಾನು ಹೇಳುವುದು ರಿವಾರ್ಡ್ ಪಾಯಿಂಟ್ ಆಸೆಗಲ್ಲ.

ನಿಲ್ಲದ ಚಂದಾ ಕಡಿತಕ್ಕೆ ಎಷ್ಟೋ ಸಲ ದೂರೇ ಬೇಡ. 2021ರ ಅಕ್ಟೋಬರ್ 1ರಿಂದ ಬಂದ ನಿಯಮದ ಪ್ರಕಾರ ಕಾರ್ಡ್‌ನಿಂದ ತಾನಾಗಿ ಹಣ ಎಳೆಯುವ 24 ಗಂಟೆ ಮುಂಚೆ ನಿಮಗೆ ಸಂದೇಶ ಬರಬೇಕು, ಬೇಡ ಅನ್ನುವ ಅವಕಾಶವೂ ಇರಬೇಕು. ಆಪ್‌ನಲ್ಲಿ ರದ್ದು ಮಾಡುವ ಗುಂಡಿ ಹುಡುಕಿ ಕಣ್ಣು ನೋಯಿಸಿಕೊಳ್ಳುವ ಬದಲು ಬ್ಯಾಂಕ್ ಆಪ್‌ನಲ್ಲೋ ಯುಪಿಐ ಆಪ್‌ನ ಆಟೋಪೇ ಪಟ್ಟಿಯಲ್ಲೋ ಆ ಒಪ್ಪಿಗೆಯನ್ನೇ ತೆಗೆದುಹಾಕಿ. ಗುಂಡಿ ಅಡಗಿಸಿ ಚಂದಾದಾರರನ್ನು ಸಿಕ್ಕಿಸುವುದು 2023ರ ನವೆಂಬರ್‌ನಲ್ಲಿ ಸರ್ಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ 13 ಕುತಂತ್ರಗಳಲ್ಲಿ ಒಂದು. ಅದನ್ನು 1915ಕ್ಕೆ ತಿಳಿಸಿ, ಆದರೆ ದುಡ್ಡು ನಿಲ್ಲಿಸುವ ಕೆಲಸ ಮೊದಲು.

ಇಎಂಐ ಮೇಲೆ ಕೊಂಡವರು ಹುಷಾರಾಗಿರಿ. ಆರ್ಡರ್ ರದ್ದಾದರೂ ಸಾಲ ರದ್ದಾಗಿರುವುದಿಲ್ಲ. ಸಿಟ್ಟಿನಲ್ಲಿ ಕಂತು ನಿಲ್ಲಿಸಿದರೆ ಕ್ರೆಡಿಟ್ ಸ್ಕೋರ್ ಬೀಳುವುದು ನಿಮ್ಮದು. ಸಾಲ ಕೊಟ್ಟ ಕಂಪನಿಗೆ ಲಿಖಿತವಾಗಿ ಹೇಳಿ. ಅದು ಆರ್‌ಬಿಐ ವ್ಯಾಪ್ತಿಯದ್ದಾದರೆ ಓಂಬುಡ್ಸ್‌ಮನ್ ದಾರಿ ಅದಕ್ಕೂ ಇದೆ.

ಗ್ರಾಹಕರ ಆಯೋಗ

ಇದರ ಬಗ್ಗೆ ಭಯವೂ ಜಾಸ್ತಿ, ಭ್ರಮೆಯೂ ಜಾಸ್ತಿ.

ಭಯದ ವಿಷಯ ಮೊದಲು. ನೀವು ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗೆ ಫೀಸೇ ಇಲ್ಲ. ವಕೀಲರು ಕಡ್ಡಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಮಾಡುವ ಅಥವಾ ದುಡಿಯುವ ಊರಿನ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೇನಂತೆ, ಹಾವೇರಿಯವರು ಹಾವೇರಿಯಲ್ಲೇ ಹಾಕಬಹುದು. ಇ-ಜಾಗೃತಿ ಜಾಲತಾಣದಲ್ಲಿ ಆನ್‌ಲೈನ್ ಸಲ್ಲಿಕೆ ಇದೆ, ವಿಡಿಯೊ ಮೂಲಕ ವಿಚಾರಣೆ ಕೇಳಲು ಕಾಯ್ದೆಯಲ್ಲೇ ಅವಕಾಶ ಇದೆ. "ಜಗಳವನ್ನು ಖಾಸಗಿ ಮಧ್ಯಸ್ಥಗಾರರ ಹತ್ತಿರವೇ (ಆರ್ಬಿಟ್ರೇಷನ್) ಬಗೆಹರಿಸಿಕೊಳ್ಳಬೇಕು ಅಂತ ನಮ್ಮ ಷರತ್ತಿನಲ್ಲಿ ಬರೆದಿದೆ, ನೀವು ಕೋರ್ಟಿಗೆ ಹೋಗುವಂತಿಲ್ಲ" ಅಂತ ಕಂಪನಿ ಹೆದರಿಸಿದರೆ ಹೆದರಬೇಡಿ. ಅಂಥ ಷರತ್ತು ಗ್ರಾಹಕರ ಆಯೋಗದ ಬಾಗಿಲು ಮುಚ್ಚುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಭ್ರಮೆ ಹುಟ್ಟುವುದು ಪತ್ರಿಕೆಯ ತಲೆಬರಹಗಳಿಂದ. ಧಾರವಾಡದ ಮಹಿಳೆಯೊಬ್ಬರು 2023ರ ಆಗಸ್ಟ್ 31ರಂದು ಜೊಮ್ಯಾಟೊದಲ್ಲಿ 133 ರೂಪಾಯಿ 25 ಪೈಸೆಯ ಮೊಮೊ ತರಿಸಿದ್ದರು. ತಲುಪಿದೆ ಅಂತ ಸಂದೇಶ ಬಂತು, ಮೊಮೊ ಬರಲಿಲ್ಲ. 2024ರ ಜುಲೈನಲ್ಲಿ ಜಿಲ್ಲಾ ಆಯೋಗ ಮಾನಸಿಕ ಕಿರುಕುಳಕ್ಕೆ 50,000, ವ್ಯಾಜ್ಯದ ಖರ್ಚಿಗೆ 10,000 ಕೊಡಲು ಆದೇಶಿಸಿತು. ಇದನ್ನೋದಿ ಎಲ್ಲರಿಗೂ ಆಸೆ ಹುಟ್ಟುತ್ತದೆ ಅಲ್ವಾ? ಅದೇ ವರ್ಷ ಬೆಂಗಳೂರಿನಲ್ಲಿ ಸ್ವಿಗ್ಗಿ ತಲುಪಿಸದ 187 ರೂಪಾಯಿಯ ಐಸ್‌ಕ್ರೀಂ ಕೇಸಿನಲ್ಲಿ ಆಯೋಗ ಕೊಡಿಸಿದ್ದು ಬೆಲೆಯ ಮೇಲೆ 3,000 ಪರಿಹಾರ, 2,000 ಖರ್ಚು. ಎರಡರ ನಡುವಿನ ಅಂತರ ನೋಡಿ. ಪರಿಹಾರ ಎಷ್ಟು ಅನ್ನುವುದು ಆಯೋಗದ ವಿವೇಚನೆ. ಇನ್ನೊಬ್ಬರ ತೀರ್ಪು ನೋಡಿ ನಿಮ್ಮ ಲೆಕ್ಕ ಹಾಕಬೇಡಿ. ಧಾರವಾಡದ ಪ್ರಕರಣದಲ್ಲೂ ಆರ್ಡರ್‌ನಿಂದ ಆದೇಶದವರೆಗೆ 10 ತಿಂಗಳು ಹಿಡಿಯಿತು ಅನ್ನುವುದನ್ನೂ ಗಮನಿಸಿ.

ಕಾಯ್ದೆಯ ಪ್ರಕಾರ ಕಂಪನಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ, ಪರೀಕ್ಷೆ ಬೇಕಾದ ವಸ್ತುವಾದರೆ 5 ತಿಂಗಳಲ್ಲಿ ಮುಗಿಯಬೇಕು. ನಿಜದಲ್ಲಿ ವಾಯಿದೆ ಮೇಲೆ ವಾಯಿದೆ ಬೀಳುತ್ತದೆ. ಗೆದ್ದರೂ ಕಂಪನಿ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಾಗೆ ಹೋಗಲು ಆದೇಶದ ಅರ್ಧ ದುಡ್ಡು ಠೇವಣಿ ಇಡಬೇಕು ಅನ್ನುವುದು ನಿಮಗಿರುವ ಅನುಕೂಲ. ಆದೇಶ ಪಾಲಿಸದವರಿಗೆ ಜೈಲು ಶಿಕ್ಷೆಯೂ ಕಾಯ್ದೆಯಲ್ಲಿದೆ. ಅಂದರೆ ಹಲ್ಲು ಗಟ್ಟಿ, ನಡಿಗೆ ನಿಧಾನ.

ಹೋಗುವುದಾದರೆ ಎರಡು ಎಚ್ಚರಿಕೆ. ತಾಣ ಮತ್ತು ಮಾರಾಟಗಾರ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಇಲ್ಲದಿದ್ದರೆ "ನಾವು ಬರೀ ಮಧ್ಯವರ್ತಿ" ಅಂತ ತಾಣ, "ಪ್ಯಾಕ್ ಮಾಡಿದ್ದು ಅವರು" ಅಂತ ಮಾರಾಟಗಾರ ಚೆಂಡು ಆಡುತ್ತಾರೆ. ಮಾರಾಟಗಾರನ ವಿಳಾಸ ಗೊತ್ತಿಲ್ಲದಿದ್ದರೆ ಲಿಖಿತವಾಗಿ ಕೇಳಿ, ತಾಣ ಕೊಡಲೇಬೇಕು. ಇನ್ನೊಂದು, ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಬೀಳಬೇಕು. ವ್ಯಾಪಾರಕ್ಕೆ ಅಂತ ಕೊಂಡ ವಸ್ತುವಾದರೆ ಸಾಮಾನ್ಯವಾಗಿ ಈ ದಾರಿ ಇಲ್ಲ. ಹೊಟ್ಟೆಪಾಡಿಗೆ ತಾವೇ ದುಡಿಯುವ ಟೈಲರ್ ಕೊಂಡ ಹೊಲಿಗೆ ಯಂತ್ರದಂಥದ್ದಕ್ಕೆ ಇದೆ.

ಖಾತೆ ಬ್ಲಾಕ್ ಆದವರು

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಖಾತೆ ಹೋದವರದ್ದು ಬೇರೆ ಗೋಳು. ದುಡ್ಡು ಕೊಡದೆ ಬಳಸುವ ಸೇವೆಯಾದ್ದರಿಂದ ಗ್ರಾಹಕ ಅಂತ ಸಾಬೀತು ಮಾಡುವುದೇ ಕಷ್ಟ. ಇವರಿಗೆ 2023ರಿಂದ ಕುಂದುಕೊರತೆ ಮೇಲ್ಮನವಿ ಸಮಿತಿ ಇದೆ, ಜಿಎಸಿ ಅಂತ ಕರೆಯುತ್ತಾರೆ. ಮೊದಲು ಆ ಕಂಪನಿಯ ಭಾರತದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಉತ್ತರ ಬಂದ 30 ದಿನದೊಳಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ. ಖರ್ಚಿಲ್ಲ. ಪರಿಹಾರದ ದುಡ್ಡನ್ನು ಇಲ್ಲಿ ನಿರೀಕ್ಷಿಸಬೇಡಿ, ಖಾತೆಯ ಪ್ರಶ್ನೆ ಮಾತ್ರ.

ಮೊಬೈಲ್ ಮತ್ತು ಇಂಟರ್‌ನೆಟ್

ಟೆಲಿಕಾಂ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ಗೆ ಪತ್ರ ಬರೆಯುವವರು ಬಹಳ. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ. ನಿಮ್ಮ ಟೆಲಿಕಾಂ ಕಂಪನಿಯ ದೂರಿನ ನಂಬರ್ 198ಕ್ಕೆ ಫೋನ್ ಮಾಡಿ ಡಾಕೆಟ್ ನಂಬರ್ (ದೂರು ದಾಖಲಾದ ನಂಬರ್) ಪಡೆಯಿರಿ, ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ಟೆಲಿಕಾಂ ಜಗಳಕ್ಕೂ ಗ್ರಾಹಕರ ಆಯೋಗಕ್ಕೆ ಹೋಗಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಎಕ್ಸ್‌ನಲ್ಲಿ ಬರೆಯುವುದು

ಕೆಲಸ ಮಾಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಫಾಲೋವರ್ಸ್ ಇರುವವರಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು. ಬರೆಯುವುದಾದರೆ ಫೋನ್ ನಂಬರ್, ಆರ್ಡರ್ ನಂಬರ್ ಹಾಕಬೇಡಿ. ನಿಮ್ಮ ಪೋಸ್ಟ್ ಕೆಳಗೆ ಮೊದಲು ಉತ್ತರಿಸುವ "ಸಪೋರ್ಟ್ ಟೀಮ್" ನಕಲಿ ಖಾತೆಯಾಗಿರಬಹುದು. ಆಗಿದ್ದನ್ನು ಹೇಳಿ, "ಕಳ್ಳ ಕಂಪನಿ" ಅನ್ನುವಂಥ ಮಾತು ಬೇಡ. ಅದು ಮಾನನಷ್ಟದ ನೋಟಿಸ್‌ಗೆ ಕಾರಣವಾದೀತು.

ಹಾಗಾದರೆ ಯಾರಿಗೆ ಯಾವುದು

2,000 ರೂಪಾಯಿ ಒಳಗಿನ ರಿಫಂಡ್‌ಗೆ ಕುಂದುಕೊರತೆ ಅಧಿಕಾರಿ, ಆಮೇಲೆ 1915. ಅಲ್ಲಿಗೂ ಬರದಿದ್ದರೆ ಬಿಟ್ಟುಬಿಡಿ ಅಂತ ನಾನು ಹೇಳುತ್ತೇನೆ, ತತ್ವಕ್ಕಾಗಿ ಹೋರಾಡುವ ಬಿಡುವು ಇದ್ದರೆ ಮಾತು ಬೇರೆ. ಐಸ್‌ಕ್ರೀಂ ಕೇಸ್ ಹಾಕಿದಂಥವರಿಂದಲೇ ಉಳಿದವರಿಗೂ ಅನುಕೂಲ ಆಗುವುದು, ಅದನ್ನು ಅಲ್ಲಗಳೆಯುವುದಿಲ್ಲ.

20,000ದ ಫೋನು, ಫ್ರಿಜ್ಜು, ವಿಮಾನದ ಟಿಕೆಟ್ ಆದರೆ ಕಾರ್ಡ್‌ನಲ್ಲಿ ಕೊಟ್ಟವರು ಚಾರ್ಜ್‌ಬ್ಯಾಕ್ ಮತ್ತು 1915 ಎರಡನ್ನೂ ಒಟ್ಟಿಗೆ ಶುರು ಮಾಡಿ. ಒಂದು ಕಡೆ ದುಡ್ಡು ಬಂದರೆ ಇನ್ನೊಂದನ್ನು ಪ್ರಾಮಾಣಿಕವಾಗಿ ಮುಚ್ಚಿ. ಎರಡು ತಿಂಗಳಲ್ಲಿ ಬಗೆಹರಿಯದಿದ್ದರೆ ಆಯೋಗಕ್ಕೆ ಹೋಗಿ. ವಕೀಲರ ಫೀಸು ಫೋನಿನ ಬೆಲೆಯ ಹತ್ತಿರ ಬಂದರೆ ನೀವೇ ವಾದಿಸಿ. ಬಿಲ್, ಇಮೇಲ್, ಸ್ಕ್ರೀನ್‌ಶಾಟ್ ತಾರೀಖಿನ ಪ್ರಕಾರ ಜೋಡಿಸಿಟ್ಟವರಿಗೆ ಇಂಥ ಕೇಸ್ ಅಷ್ಟೇನೂ ಕಷ್ಟವಲ್ಲ.

ಲಕ್ಷ ದಾಟಿದ ವಿಷಯ, ಉದಾಹರಣೆಗೆ ಆನ್‌ಲೈನ್ ಕೋರ್ಸ್ ಅಥವಾ ಎಲೆಕ್ಟ್ರಿಕ್ ಸ್ಕೂಟರ್ ಆದರೆ, ಮೊದಲ ಇಮೇಲ್ ಬರೆಯುವಾಗಲೇ ಒಮ್ಮೆ ವಕೀಲರಿಗೆ ತೋರಿಸಿ. ಸ್ಕೂಟರ್‌ನಲ್ಲಿ ದೋಷ ತಯಾರಿಕೆಯದ್ದು ಅಂತ ತೋರಿಸಲು ತಜ್ಞರ ವರದಿ ಬೇಕಾಗಬಹುದು, ಹಾಗಾಗಿ ಸರ್ವಿಸ್ ಸೆಂಟರ್‌ನ ಪ್ರತಿಯೊಂದು ಜಾಬ್ ಕಾರ್ಡ್‌ನ (ರಿಪೇರಿ ವಿವರದ ಚೀಟಿ) ನಕಲು ಕೇಳಿ ಪಡೆಯಿರಿ.

ಊರಲ್ಲಿರುವ ಅಪ್ಪ-ಅಮ್ಮನ ಪರವಾಗಿ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಹೋರಾಡುವವರು ಈಗ ಬಹಳ. ಮಗಳು ತನ್ನ ಖಾತೆಯಿಂದ ಆರ್ಡರ್ ಮಾಡಿ ಅಮ್ಮನಿಗೆ ಕಳಿಸಿದ್ದರೆ ದುಡ್ಡು ಮಗಳದ್ದು, ಬಳಸುವುದು ಅಮ್ಮ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾಯ್ದೆಯ ಪ್ರಕಾರ ಗ್ರಾಹಕರೇ. ಹಾಗಾಗಿ ಅಮ್ಮನ ಹೆಸರಲ್ಲಿ ಅವರ ಜಿಲ್ಲೆಯಲ್ಲೇ ದೂರು ಹಾಕಬಹುದು. ಬ್ಯಾಂಕ್ ವಿಷಯ ಮಾತ್ರ ಖಾತೆ ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಹೋಗಬೇಕು. ಒಟಿಪಿ ಬರುವುದು ಅವರ ಫೋನಿಗೆ, ಆದ್ದರಿಂದ ಅರ್ಜಿ ತುಂಬುವ ಹೊತ್ತಿಗೆ ಅವರು ಎಚ್ಚರವಿರುವ ಸಮಯ ನೋಡಿಕೊಳ್ಳಿ.